ಬಾವಿಯ ಪಾಳಿ ಮತ್ತು ನಮ್ಮ ಪ್ರಬಂಧ

ಚಿಕ್ಕೋಡಿಯ ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದ ಇಬ್ಬರು ಅಧ್ಯಾಪಕರು ಈಚೆಗೆ ನನ್ನ ಮನೆಗೆ ಬಂದಿದ್ದರು. ಸಮ್ಮೇಳನಕ್ಕೆ ಪ್ರಬಂಧ ಕಳಿಸಬೇಕಾಗಿದೆ, ಹೇಗೆ ಬರೆದರೆ ಒಪ್ಪಿಗೆಯಾಗುತ್ತದೆ, ಹೇಳಿಕೊಡಿ ಎಂದರು. ಅವರಿಗೆ ಚಹಾ ಕೊಟ್ಟೆ, ಆದರೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ಒಪ್ಪಿಗೆಯಾಗುವ ಉಪಾಯ ನನಗೆ ಇವತ್ತಿಗೂ ತಿಳಿಯದು. ನನಗೆ ಚೆನ್ನಾಗಿ ಗೊತ್ತಿರುವುದು, ಒಪ್ಪಿಗೆಯಾದ ಪ್ರಬಂಧವನ್ನು ಹಿಂದಕ್ಕೆ ಪಡೆದ ಒಂದು ಸಂಗತಿ ಮಾತ್ರ. ಅದು ಬಾಯಿಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತಿದು. ನಮ್ಮ ಕಾಲೇಜಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಆ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಯಂತ್ರದ ಮೇಲೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿರುತ್ತಿದ್ದರು. ಗಣಿತ ಕಲಿಸುತ್ತಿದ್ದ ಖೋತ ಸರ್ ಅವರಿಗೇ ಅದರ ಜವಾಬ್ದಾರಿ. ನಾನು ಅವರ ಕೈಕೆಳಗಿನ ತಾತ್ಕಾಲಿಕ ಅಧ್ಯಾಪಕ. ಸರ್ ಹಾರೂಗೇರಿಯ ಆಚೆಯ ಒಂದು ಹಳ್ಳಿಯವರು. ಅವರ ತಮ್ಮ ಬಾಳಾಸಾಬ ಊರಲ್ಲಿ ಕಬ್ಬು ಮಾಡಿಕೊಂಡಿದ್ದರು. ನನ್ನದು ನಿಪ್ಪಾಣಿ, ಮಗದುಮ್ ಎಂಬ ಜೈನ ವ್ಯಾಪಾರಸ್ಥರ ಮನೆ. ಅಂಗಡಿ ಬಿಟ್ಟು ಮಾಸ್ತರಿಕೆಗೆ ಬಂದ ಮೊದಲನೆಯವನು ನಾನು ಎಂಬ ಕೊರಗು ನಮ್ಮ ತಂದೆಯವರಿಗೆ ಕೊನೆಯವರೆಗೂ ಇತ್ತು.

ಆಗ ಪ್ರಬಂಧ ಕಳಿಸುವುದೆಂದರೆ ಏನು ಎಂಬುದನ್ನು ಇವತ್ತಿನವರಿಗೆ ಸ್ವಲ್ಪ ಹೇಳಬೇಕು. ಸಮ್ಮೇಳನದ ಪ್ರಕಟಣೆ ಮುಂಬೈಯಲ್ಲಿದ್ದ ಸರ್ ಅವರ ಗೆಳೆಯರೊಬ್ಬರ ಮೂಲಕ ಬರಬೇಕು. ಅದು ನಮ್ಮ ಕೈಸೇರುವ ಹೊತ್ತಿಗೆ ಅರ್ಧ ಗಡುವು ಮುಗಿದಿರುತ್ತಿತ್ತು. ಸರ್ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ನಾನು ಅದನ್ನು ಶಾಯಿಯಲ್ಲಿ ಚೊಕ್ಕ ಮಾಡಿ, ಬಸ್ಸು ಹಿಡಿದು, ನಿಪ್ಪಾಣಿಯ ಶಿಂದೆ ಎಂಬ ಟೈಪಿಸ್ಟರ ಹತ್ತಿರ ಒಯ್ಯುತ್ತಿದ್ದೆ. ತಂಬಾಕು ವ್ಯಾಪಾರಿಗಳ ಪತ್ರ, ಕೋರ್ಟಿನ ಅರ್ಜಿ, ಇವು ಅವರ ನಿತ್ಯದ ಕೆಲಸ. ಅವರ ಯಂತ್ರದಲ್ಲಿ ಗ್ರೀಕ್ ಅಕ್ಷರವಿಲ್ಲ, ಬಾಣದ ಗುರುತಿಲ್ಲ. ಅಲ್ಲೆಲ್ಲ ಖಾಲಿ ಜಾಗ ಬಿಡಲು ಹೇಳಿ, ಆಮೇಲೆ ನಾನು ಸಣ್ಣ ನಿಬ್ಬಿನಿಂದ ಒಂದೊಂದೇ ಗುರುತು ಬರೆಯುತ್ತಿದ್ದೆ. ಕೈ ನಡುಗಿದರೆ ಇಡೀ ಪುಟ ಹೊಸದಾಗಿ ಟೈಪಾಗಬೇಕು. ಅದಾದಮೇಲೆ ಝೆರಾಕ್ಸ್, ದಾರ ಪೋಣಿಸಿ ಕಟ್ಟುವುದು, ಏರ್‌ಮೇಲ್.

ನಮ್ಮ ಮೊದಲ ಪ್ರಬಂಧ ತಿರಸ್ಕೃತವಾಗಿ ಬಂತು. ಪರೀಕ್ಷಕರ ಟಿಪ್ಪಣಿಗಳಲ್ಲಿ ಒಂದು ವಿಚಿತ್ರವಾಗಿತ್ತು: ‘ಮೊದಲ ಪುಟದ ತುದಿಯಲ್ಲಿ ಒಂದು ಚಿಹ್ನೆ ಬಳಸಿದ್ದೀರಿ. ಅದರ ಅರ್ಥವನ್ನು ಪ್ರಬಂಧದಲ್ಲಿ ಎಲ್ಲಿಯೂ ವಿವರಿಸಿಲ್ಲ.’ ನಾವು ಯಾವ ಚಿಹ್ನೆಯೆಂದು ನಮ್ಮ ಪ್ರತಿ ತೆಗೆದು ನೋಡಿದೆವು. ಶಿಂದೆಯವರು ತಮ್ಮ ವಾಡಿಕೆಯಂತೆ ಪುಟದ ನೆತ್ತಿಯ ಮೇಲೆ ಪೆನ್ನಿನಿಂದ ಅಂದವಾಗಿ ‘ಶ್ರೀ’ ಬರೆದಿದ್ದರು. ಇನ್ನು ಮೇಲೆ ಅದನ್ನು ಬರೆಯಬೇಡಿರೆಂದು ಅವರಿಗೆ ಹೋಗಿ ಹೇಳಿದೆ.

‘ಶ್ರೀ ಬರೀದ ಯಾವ ಕಾಗದಾನೂ ನಾ ಮಷೀನಿಗೆ ಹಾಕಂಗಿಲ್ರಿ ಮಗದುಮ್’ ಎಂದರು ಶಿಂದೆ. ‘ತೆಗೀ ಅಂದ್ರ ಬ್ಯಾರೆ ಟೈಪಿಸ್ಟನ್ನ ನೋಡ್ಕೋರಿ.’

‘ಆಮ್ಯಾಲ ಅಳಸಬಹುದೇನ್ರಿ?’

‘ನೀವು ಅಳಸೂದು ನನ್ನ ಕಣ್ಣಿಗೆ ಬೀಳಬಾರದು, ಅಷ್ಟ.’

ಅಂದಿನಿಂದ ಶಿಂದೆಯವರು ಶ್ರೀಕಾರವನ್ನು ಪೆನ್ಸಿಲ್ಲಿನಲ್ಲಿ ಬರೆಯತೊಡಗಿದರು. ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಅದನ್ನು ಒರೆಸುತ್ತಿದ್ದೆ. ಇಬ್ಬರ ಧರ್ಮವೂ ಉಳಿಯಿತು.

ನಮ್ಮ ಪ್ರಾಚಾರ್ಯರದು ಇನ್ನೊಂದು ಬಗೆ. ಒಳ್ಳೆಯವರು, ಆದರೆ ಗಡಿಯ ಗದ್ದಲಗಳನ್ನು ಕಂಡು ಹಣ್ಣಾದವರು. ‘ಪ್ರೋಗ್ರಾಮಿಂಗ್ ಭಾಷೆಗಳ ಸಮ್ಮೇಳನ’ ಎಂದು ನಾವು ಕೊಟ್ಟ ಅರ್ಜಿಯನ್ನು ಓದಿ ಕನ್ನಡಕ ತೆಗೆದರು.

‘ಖೋತ, ಯಾವ ಭಾಷಾದ ಸಮ್ಮೇಳನರಿ ಇದು? ಕನ್ನಡದ್ದೋ ಮರಾಠಿದ್ದೋ?’

‘ಎರಡೂ ಅಲ್ರಿ ಸರ್. ಮಷೀನಿನ ಭಾಷಾ.’

‘ಮಷೀನಿಗೂ ಭಾಷಾ ಬಂತೇನು? ಹಂಗಾರ ಅದರ ಕಡೆಯವರೂ ನಾಳೆ ಗೇಟಿಗೆ ಬಂದು ನಿಂತಾರು. ನೋಡ್ಕೋರಿ.’ ಹಾಗೆನ್ನುತ್ತಲೇ ಸಹಿ ಮಾಡಿಕೊಟ್ಟರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಕಂಪ್ಯೂಟರ್ ಕೋಣೆಯಲ್ಲಿ ಕರೆಂಟ್ ಹೋಯಿತು. ಒಬ್ಬ ವಿದ್ಯಾರ್ಥಿಯ ಪ್ರೋಗ್ರಾಮು ಅರ್ಧಕ್ಕೆ ನಿಂತಿತು. ಕರೆಂಟ್ ತಿರುಗಿ ಬಂದಾಗ, ನಿಂತವನು ಮತ್ತೆ ಮೊದಲಿನಿಂದ ಶುರುಮಾಡಬೇಕೋ, ಕಾಯುತ್ತಿದ್ದವನು ಕೂಡಬೇಕೋ ಎಂದು ಇಬ್ಬರು ಹುಡುಗರಲ್ಲಿ ಜಗಳ ಹತ್ತಿತು. ಸರ್ ನಗತೊಡಗಿದರು. ‘ಮಗದುಮ್, ಇದು ನಮ್ಮ ಬಾವಿ ಇದ್ದಂಗ ಐತಲೋ!’ ಎಂದರು.

ಅವರ ಊರಿನ ತೋಟದ ಬಾವಿ ಎರಡು ಮನೆಗಳಿಗೆ ಸೇರಿತ್ತು. ಒಂದು ಪಾಲು ಸರ್ ಅವರ ಮನೆಯದು, ಅಂದರೆ ಬಾಳಾಸಾಬರದು. ಇನ್ನೊಂದು ಪಾಲು ಸರ್ ಅವರ ಕಾಕುವಿನದು, ಅಂದರೆ ಚಿಕ್ಕಮ್ಮನದು. ಕಾಕಾ ಹೋದಮೇಲೆ ಆಕೆ ತಮ್ಮ ಸಣ್ಣ ತುಂಡು ಹೊಲದಲ್ಲಿ ಎಮ್ಮೆಗೆ ಮೇವು ಮತ್ತು ಬದನೆ ಬೆಳೆದುಕೊಂಡು ತಮ್ಮ ಪಾಡಿಗೆ ತಾವಿದ್ದರು. ಮೋಟಾರು ಒಂದೇ. ಬಾಳಾಸಾಬರ ಕಬ್ಬು ಪೂರ್ತಿ ನೆನೆದ ಮೇಲೆ ಕಾಕುವಿನ ಪಾಳಿ, ಅವರದು ಮುಗಿದ ಮೇಲೆ ಮತ್ತೆ ಕಬ್ಬಿನ ಪಾಳಿ. ನಡುವೆ ಕರೆಂಟ್ ಹೋದರೆ, ಯಾರ ಪಾಳಿ ಮುರಿಯಿತೋ ಅವರೇ ಹೊಲದ ಮೊದಲ ಮಡಿಯಿಂದ ಹೊಸದಾಗಿ ಶುರುಮಾಡಬೇಕು. ಇದು ಸರ್ ಅವರ ತಂದೆಯವರು ಹಾಕಿಕೊಟ್ಟ ಕಟ್ಟಳೆ. ನೀರು ಯಾವ ಮಡಿಯವರೆಗೆ ಬಂದಿತ್ತು ಎಂಬ ತಕರಾರೇ ಹುಟ್ಟಬಾರದೆಂದು ಹಾಗೆ ಮಾಡಿದ್ದರು. ಆ ಕಾಲದಲ್ಲಿ ಕರೆಂಟ್ ಹೋಗುವುದೂ ಅಪರೂಪವಾಗಿತ್ತು.

ಸರ್ ಈ ಪಾಳಿಯನ್ನೇ ಕಂಪ್ಯೂಟರಿನ ಭಾಷೆಯೊಳಗೆ ತಂದರು. ಒಂದೇ ಯಂತ್ರಕ್ಕೆ ಹಲವು ಕೆಲಸಗಳು ಕಾದು ನಿಂತಾಗ ಸರದಿ ಹೇಗೆ ನಡೆಯಬೇಕೆಂದು ಹೇಳುವ ಒಂದು ರಚನೆ ಅದು. ‘ಪಾಳಿಗೆ ನಿಂತ ಯಾವ ಕೆಲಸವೂ ಸರದಿ ಸಿಗದೆ ಉಳಿಯುವುದಿಲ್ಲ’ ಎಂಬುದು ಅದರ ಪ್ರಮೇಯ. ಅದನ್ನು ರುಜುವಾತು ಮಾಡುವ ಸಾಧನೆ ಎರಡು ಪುಟದ್ದು. ನಾನು ಓದಿದೆ, ಮತ್ತೆ ಓದಿದೆ. ಎಲ್ಲಿಯೂ ತೊಡಕು ಕಾಣಲಿಲ್ಲ. ಪ್ರಬಂಧದ ಮೇಲೆ ಸರ್ ಅವರ ಹೆಸರು, ಅದರ ಕೆಳಗೆ ನನ್ನದು. ಶಿಂದೆ ಟೈಪು ಮಾಡಿದರು, ನಾನು ಶ್ರೀಕಾರ ಒರೆಸಿ ಕಳಿಸಿದೆ.

ಬೇಸಿಗೆಯ ಹೊತ್ತಿಗೆ ಒಪ್ಪಿಗೆಯ ಪತ್ರ ಬಂತು. ಅದರ ಜೊತೆಗೆ ನಸುನೀಲಿ ಗೆರೆಗಳ ದೊಡ್ಡ ದೊಡ್ಡ ಹಾಳೆಗಳಿದ್ದವು. ಆ ಗೆರೆಗಳ ಒಳಗೆ ಟೈಪು ಮಾಡಿ ಕಳಿಸಿದರೆ ಅದರದೇ ಫೋಟೋ ತೆಗೆದು ಪುಸ್ತಕ ಮಾಡುತ್ತಾರೆ. ಸರ್ ಆ ಹಾಳೆಗಳನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡು ಬಂದರು. ನನ್ನ ನೌಕರಿ ಕಾಯಂ ಆಗುವುದಕ್ಕೂ ಮುಂದಿನ ಓದಿಗೂ ಆ ಒಂದು ಪ್ರಬಂಧ ಸಾಕಾಗುತ್ತಿತ್ತು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನಗೆ ಅದು ಬೇಕಾಗಿತ್ತು.

ಸುದ್ದಿ ಊರಿಗೆ ಮುಟ್ಟಿ, ಕಾಕು ಊಟಕ್ಕೆ ಹೇಳಿಕಳಿಸಿದರು. ನಾವಿಬ್ಬರೂ ಭಾನುವಾರ ಬೆಳಿಗ್ಗೆ ರಾಯಬಾಗದ ಮೇಲೆ ಬಸ್ಸಿನಲ್ಲಿ ಹೋದೆವು. ನೀಲಿ ಗೆರೆಯ ಹಾಳೆಗಳನ್ನೂ ಪ್ರಬಂಧದ ನಮ್ಮ ಪ್ರತಿಯನ್ನೂ ಕಾಕುವಿಗೆ ತೋರಿಸಬೇಕೆಂದು ಸರ್ ಚೀಲದಲ್ಲಿಟ್ಟುಕೊಂಡಿದ್ದರು.

ಕಾಕು ಸಣ್ಣ ಆಳು, ದೊಡ್ಡ ದನಿ. ನನ್ನನ್ನು ನೋಡಿದವರೇ ಶುರುಮಾಡಿದರು.

‘ಬಾರೋ ತಮ್ಮಾ. ನಿಮ್ಮ ಮನ್ಯಾಗ ಬದನಿಕಾಯಿ ತಿನ್ನಂಗಿಲ್ಲಂತ, ಖರೇ ಏನು?’

‘ನಮ್ಮವ್ವ ಮಾಡಂಗಿಲ್ರಿ.’

‘ಮತ್ತ ನಾ ಬಾಪೂನ ಡಬ್ಬ್ಯಾಗ ಕಳಿಸಿದ್ದು ಅರ್ಧ ನೀನ ತಿಂತೀ ಅಂತ ಹೇಳ್ಯಾನಲ್ಲ ಇವ!’

‘ಅದು ಚಿಕ್ಕೋಡ್ಯಾಗರಿ. ನಿಪ್ಪಾಣ್ಯಾಗ ತಿನ್ನಂಗಿಲ್ಲ.’

‘ಭಾಳ ಶಾಣ್ಯಾ ಅದೀ’ ಎಂದು ನಕ್ಕು ತಟ್ಟೆ ಇಟ್ಟರು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ಬಾಪು ಎಂಬುದು ಸರ್ ಅವರನ್ನು ಮನೆಯಲ್ಲಿ ಕರೆಯುವ ಹೆಸರು. ಸರ್ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು.

‘ಕಾಕು, ಈ ಬದನಿಕಾಯಿ ನಮ್ಮವಲ್ಲ.’

‘ಹಾರೂಗೇರಿ ಸಂತ್ಯಾಗಿನ್ವು. ಚಲೋ ಇಲ್ಲೇನು?’

‘ಚಲೋ ಅದಾವ. ನಮ್ಮ ಹೊಲದಾಗಿನ್ವು ಎಲ್ಲಿ?’

‘ಉಣ್ಣು ಮೊದಲ. ಹೋಳಿಗಿ ಆರ್ತಾವ’ ಎಂದು ಆಕೆ ಒಳಗೆ ಹೋದರು.

ಸರ್ ಊಟ ಮುಗಿಸಿದರು. ಕೈ ತೊಳೆದವರು ನೇರ ಹೊಲದ ಹಾದಿ ಹಿಡಿದರು. ನಾನು ಚೀಲ ತೆಗೆದುಕೊಂಡು ಹಿಂದೆ ಹೋದೆ, ಕಾಕು ಸೆರಗು ತಲೆಯ ಮೇಲೆಳೆದುಕೊಂಡು ನಮ್ಮ ಹಿಂದೆ ಬಂದರು.

ನಾನು ಅಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಬಾವಿಯ ಈಚೆ ಬಾಳಾಸಾಬರ ಕಬ್ಬು. ಮೇಲಿನ ಮಡಿಗಳಲ್ಲಿ ನೀರು ನಿಂತು ಕೆಸರಾಗಿತ್ತು. ಕೆಳತುದಿಯ ಕಬ್ಬಿನ ಗರಿ ಸುರುಳಿ ಸುತ್ತಿತ್ತು. ಬಾವಿಯ ಆಚೆ ಕಾಕುವಿನ ತುಂಡು. ಬದನೆ ಗಿಡಗಳು ನಿಂತಲ್ಲೇ ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ಗಿಡದಲ್ಲಿ ನಿಂಬೆಗಾತ್ರದ ಕಾಯಿಯೊಂದು ಸುಕ್ಕಾಗಿ ಜೋತಿತ್ತು. ಮೇವಿನ ಮಡಿಯಲ್ಲಿ ಬರಿ ಕೂಳೆ. ಅವರ ಕಾಲುವೆಯ ಮಣ್ಣು ಬಿರಿದಿತ್ತು. ಆ ಬಿರುಕಿನಲ್ಲಿ ಇರುವೆಗಳು ಓಡಾಡುತ್ತಿದ್ದವು.

‘ಕಾಕು, ನಿನ್ನ ಪಾಳಿ ಯಾವಾಗ ಬಂದಿತ್ತು?’ ಸರ್ ಕೇಳಿದರು.

‘ಬರ್ತೈತಿ ತೊಗೋ. ಬಾಳೂಂದು ಮುಗೀಲಿ.’

‘ಅವಂದು ಯಾವಾಗ ಮುಗೀತೈತಿ?’

‘ಕರೆಂಟ್ ಪೂರಾ ಇದ್ರ ತಾನ ಮುಗ್ಯೂದು! ಅವ ಪಾಪ ದಿನಾ ಶುರು ಮಾಡ್ತಾನ, ಅರ್ಧಕ್ಕ ಬಂದಾಗ ಹೋಗ್ತೈತಿ. ಮರುದಿನ ಮತ್ತ ಮೊದಲಿನ ಮಡಿಯಿಂದ. ಭಾವನೋರು ಹಾಕಿದ ಕಟ್ಟಳಿ, ಅವರೇನು ಮಾಡ್ಯಾರು?’

‘ನನಗ್ಯಾಕ ಹೇಳಲಿಲ್ಲ ನೀ?’

‘ಏನಂತ ಹೇಳ್ಲೋ? ಅವ ಏನ ತಪ್ಪು ಮಾಡ್ಯಾನ? ಪಾಳಿ ಪ್ರಕಾರ ನಡದೈತಿ. ಮ್ಯಾಲ ನೀ ಆ ಪಾಳೀನ ಬರದು ಪರದೇಶಕ್ಕ ಕಳಿಸೀಯಂತ, ಅಲ್ಲಿ ಮಂದಿ ಶಾಭಾಸ್ ಅಂದಾರಂತ. ನಾ ಇಲ್ಲಿ ಕುಂತು ಪಾಳಿ ಸರಿ ಇಲ್ಲ ಅನ್ಲೇನು?’

ಆಕೆ ಚುಚ್ಚಿ ಆಡಿದ ಮಾತಲ್ಲ ಅದು. ನಗುತ್ತಲೇ ಹೇಳಿದರು, ಸೆರಗಿನಿಂದ ಮುಖ ಒರೆಸಿಕೊಂಡರು. ಸರ್ ಮೋಟಾರಿನ ಗುಡಿಸಲ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನನ್ನ ಕೈಯಲ್ಲಿದ್ದ ಚೀಲದೊಳಗೆ ‘ಪಾಳಿಗೆ ನಿಂತ ಯಾವ ಕೆಲಸವೂ ಸರದಿ ಸಿಗದೆ ಉಳಿಯುವುದಿಲ್ಲ’ ಎಂಬ ವಾಕ್ಯವಿತ್ತು. ಪಾಳಿಗೆ ನಿಂತವರು ನನ್ನ ಎದುರಿಗಿದ್ದರು.

ಸಾಧನೆಯ ಎರಡನೆಯ ಪುಟದಲ್ಲಿ ‘ಶುರುವಾದ ಪಾಳಿ ಒಂದಲ್ಲ ಒಂದು ಸಲ ಮುಗಿಯುತ್ತದೆ, ಆದ್ದರಿಂದ’ ಎಂದಿತ್ತು. ಅದು ಮುಗಿಯದೆಯೇ ಇರಬಹುದು ಎಂದು ನಮಗೆ ಹೊಳೆದಿರಲಿಲ್ಲ. ಪರೀಕ್ಷಕರಿಗೂ ಹೊಳೆದಿರಲಿಲ್ಲ. ಸರ್ ಬರೆದದ್ದು ತಮ್ಮ ಬಾಲ್ಯದ ಬಾವಿಯನ್ನು. ಅಲ್ಲಿ ಕರೆಂಟ್ ಹೋಗುತ್ತಿರಲಿಲ್ಲ.

ಬಾಳಾಸಾಬರನ್ನು ಕರೆಸಿದರು. ಅಲ್ಲೇ ಬಾವಿಯ ದಂಡೆಯ ಮೇಲೆ ಮಾತಾಯಿತು.

‘ಇನ್ನ ಮ್ಯಾಲ ಪಾಳಿ ಮುರದ್ರ ಕರೆಂಟ್ ಬಂದ ಕೂಡ್ಲೆ ಕಾಕುಂದು. ಆಕೀದು ಆದ ಮ್ಯಾಲ ನೀನು’ ಎಂದರು ಸರ್.

‘ದಾದಾ, ಹಂಗಾರ ನನ್ನ ಕಬ್ಬು ಎಂದಿಗೂ ಕೆಳಗಿನ ಮಡಿ ಕಾಣೂದಿಲ್ಲ. ನೀ ಕಾಗದದ ಮ್ಯಾಲ ಏನರ ಬರ್ಕೋ. ಕಬ್ಬಿಗೆ ಕಾಗದ ಓದಾಕ ಬರಂಗಿಲ್ಲ.’

‘ಈಗರ ಕಾಣಾಕತ್ತೈತೇನು? ಮ್ಯಾಲಿನ ಮಡ್ಯಾಗ ಕೆಸರು, ಕೆಳಗ ಧೂಳು. ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು ಮಾಡು.’

‘ಎಲ್ಲಿ ನಿಂತಿತ್ತು ಅಂತ ಯಾರು ಹೇಳಾವ್ರು? ಅದಕ್ಕಲ್ಲೇನು ಅಪ್ಪಾ ಕಟ್ಟಳಿ ಹಾಕಿದ್ದು? ನಾಳೆ ಕಾಕು ಅಲ್ಲಿ ಅಂದಾಳು, ನಾ ಇಲ್ಲಿ ಅಂದೇನು.’

ಸರ್ ಎದ್ದು ಹೋಗಿ, ದಂಡೆಯ ಮೇಲಿದ್ದ ಒಂದು ಕಲ್ಲನ್ನು ಹೊತ್ತು ತಂದು ಕೆಸರು ಮುಗಿಯುವ ಮಡಿಯ ಬದುವಿಗೆ ಇಟ್ಟರು. ‘ಕರೆಂಟ್ ಹೋದ ಕೂಡ್ಲೆ ಇದನ್ನ ಇಡು. ಕಾಕು ನೋಡ್ಲಿ, ನೀನೂ ನೋಡು. ಕಲ್ಲಿಗೆ ಬಾಯಿ ಇಲ್ಲ, ಸುಳ್ಳೂ ಹೇಳಂಗಿಲ್ಲ.’

ಬಾಳಾಸಾಬರು ಕಲ್ಲನ್ನು ನೋಡಿದರು, ಆಚೆಯ ಬದನೆ ಗಿಡಗಳನ್ನು ನೋಡಿದರು. ಅವರು ಆ ಕಡೆ ನೋಡಿದ್ದು ಅದೇ ಮೊದಲ ಸಲವೇನೋ ಎಂದು ನನಗನ್ನಿಸಿತು. ‘ಕಾಕು, ನೀ ಒಂದ ಮಾತರ ಒದರಬಾರದಾಗಿತ್ತೇನು? ಉಳಿದಾಗೆಲ್ಲ ಊರ ಕೇಳೂಹಂಗ ಒದರ್ತಿ’ ಎಂದರು.

‘ನಿನ್ನ ಕಬ್ಬೂ ಒಣಗಾಕತ್ತಿತ್ತಲ್ಲೋ’ ಎಂದರು ಕಾಕು.

ಮರಳುವಾಗ ಬಸ್ಸಿನಲ್ಲಿ ನಾನು ಸರ್ ಜೊತೆ ವಾದಿಸಿದೆ. ಪ್ರಮೇಯವನ್ನು ಉಳಿಸುವುದು ಕಷ್ಟವಿರಲಿಲ್ಲ. ‘ಪ್ರತಿಯೊಂದು ಪಾಳಿಯೂ ಎಂದಾದರೊಮ್ಮೆ ಅಡ್ಡಿಯಿಲ್ಲದೆ ಮುಗಿಯುತ್ತದೆ ಎಂದು ಭಾವಿಸೋಣ’ ಎಂಬ ಒಂದು ಸಾಲು ಸೇರಿಸಿದರೆ ಸಾಧನೆ ನೆಟ್ಟಗಾಗುತ್ತಿತ್ತು. ಹಾಗೆ ಮಾಡುವುದು ತಪ್ಪೂ ಅಲ್ಲ. ಇವತ್ತಿಗೂ ನಾನು ಅದನ್ನು ತಪ್ಪು ಎನ್ನುವುದಿಲ್ಲ.

ಸರ್ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: ‘ಆ ಸಾಲು ಬರದ್ರ ಪ್ರಮೇಯ ಖರೇ ಆಕ್ಕೈತಿ, ಒಪ್ತೀನಿ. ಆದ್ರ ಆ ಸಾಲಿನ ಹೊರಗ ಕಾಕು ನಿಂತಿರ್ತಾಳ. ನಾ ಅದನ್ನ ದಿನಾ ಓದಬೇಕಾಗ್ತೈತಿ. ನಿನಗ ಬೇಕಿದ್ರ ನನ್ನ ಹೆಸರು ತೆಗದು ನಿನ್ನ ಹೆಸರಿಲೆ ಕಳಸು. ನಾ ಸಿಟ್ಟು ಮಾಡ್ಕೊಳ್ಳಂಗಿಲ್ಲ, ಆಣಿ ಮಾಡಿ ಹೇಳ್ತೀನಿ.’

ಅವರು ಮನಸ್ಸಿನಿಂದಲೇ ಹೇಳಿದ್ದರು. ಅದಕ್ಕೇ ನನಗೆ ಹಾಗೆ ಮಾಡಲಾಗಲಿಲ್ಲ. ಬಸ್ಸು ಚಿಕ್ಕೋಡಿಗೆ ಬಂತು. ಇಳಿಯುವಾಗ, ‘ತಾರು ನಾನ ಬರೀತೀನ್ರಿ ಸರ್’ ಎಂದೆ.

ಮರುದಿನ ನಾವಿಬ್ಬರೂ ತಂತಿ ಕಳಿಸಲು ತಾರು ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ನನ್ನ ಕಾಗದ ಓದಿದರು. ಪ್ರಬಂಧ ಹಿಂದಕ್ಕೆ ಪಡೆಯುತ್ತೇವೆ, ಪ್ರಮೇಯ ಸುಳ್ಳು, ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೆ. ಪರದೇಶಕ್ಕೆ ತಾರು ಕಳಿಸುವುದು ಅವರಿಗೂ ಅಪರೂಪ. ಮೆಲ್ಲಗೆ, ‘ಕೆಟ್ಟ ಸುದ್ದಿ ಏನ್ರಿ ಸರ್?’ ಎಂದರು.

‘ಕೆಟ್ಟದ್ದಲ್ಲರಿ. ಖರೇ ಸುದ್ದಿ’ ಎಂದರು ಖೋತ ಸರ್.

ಆಮೇಲೆ ಕಲ್ಲಿನ ಕತೆಯನ್ನು ಭಾಷೆಯೊಳಗೆ ತರುವುದಕ್ಕೆ ನಮಗೆ ಬಹಳ ಕಾಲ ಹಿಡಿಯಿತು. ಮುರಿದ ಕೆಲಸ ಎಲ್ಲಿ ನಿಂತಿತ್ತೆಂಬ ಗುರುತನ್ನು ಎಲ್ಲಿ ಇಡಬೇಕು, ಇಡುವಾಗಲೇ ಕರೆಂಟ್ ಹೋದರೆ ಏನು, ಎಂಬಂಥ ಪ್ರಶ್ನೆಗಳು ಒಂದರ ಬೆನ್ನಿಗೊಂದು ಬಂದವು. ಮುಂದೆ ಕಳಿಸಿದ್ದು ತಿರುಗಿ ಬಂತು. ‘ಇಷ್ಟು ಕಷ್ಟಪಡುವ ಬದಲು ಅಡ್ಡಿಯಿಲ್ಲವೆಂದು ಭಾವಿಸಬಹುದಿತ್ತಲ್ಲ’ ಎಂದು ಒಬ್ಬ ಪರೀಕ್ಷಕರು ಕೇಳಿದ್ದರು. ಸರ್ ಅದನ್ನು ಓದಿ ಡಬ್ಬಿ ಬಿಚ್ಚಿ ನನ್ನ ಮುಂದೆ ಸರಿಸಿದರು. ಎಣ್ಣೆಗಾಯಿ ಇತ್ತು. ಎಳೆಯವು, ಕಾಕುವಿನ ಹೊಲದವು. ಅವತ್ತಿನಷ್ಟು ರುಚಿಯಾಗಿ ನಾನು ಯಾವ ತಿರಸ್ಕಾರವನ್ನೂ ಉಂಡಿಲ್ಲ.

ತೊಂಬತ್ತರ ದಶಕ ಬಂತು. ಕಾಲೇಜಿನಲ್ಲಿ ಪ್ರಿಂಟರು ಬಂತು. ಗ್ರೀಕ್ ಅಕ್ಷರಗಳು ತಾವಾಗಿಯೇ ಮೂಡತೊಡಗಿದವು, ನನ್ನ ನಿಬ್ಬು ಡಬ್ಬಿ ಸೇರಿತು. ನಿಪ್ಪಾಣಿಗೆ ಹೋಗುವ ಕೆಲಸ ಉಳಿಯಲಿಲ್ಲ. ಆದರೂ ಒಮ್ಮೆ ಶಿಂದೆಯವರನ್ನು ಕಾಣಲು ಹೋದಾಗ ತಿದ್ದಿದ ಪ್ರಬಂಧದ ಪ್ರಿಂಟರಿನ ಪ್ರತಿಯನ್ನು ಅವರ ಮುಂದಿಟ್ಟೆ. ಅವರು ಕೇಳದೆಯೇ ಪೆನ್ಸಿಲ್ ತೆಗೆದು ಶ್ರೀ ಬರೆದರು. ಆ ಪ್ರತಿಯನ್ನು ನಾನು ಒರೆಸಲಿಲ್ಲ, ಕಳಿಸಲೂ ಇಲ್ಲ. ಬೇರೆ ಪ್ರತಿ ಕಳಿಸಿದೆ. ಆ ಸಲ ಒಪ್ಪಿಗೆಯಾಯಿತು.

ಕೊನೆಯ ಪ್ರತಿಯಲ್ಲಿ ಕೃತಜ್ಞತೆಗೆ ಎರಡು ಸಾಲು ಜಾಗವಿತ್ತು. ಸರ್ ಅಲ್ಲಿ ಕಾಕುವಿನ ಹೆಸರನ್ನು ಗಂಡನ ಹೆಸರು, ಮನೆತನದ ಹೆಸರು ಸಹಿತ ಬರೆದರು. ಹೇಳಿ ಹಾಕೋಣವೆಂದು ಊರಿಗೆ ಹೋದೆವು. ಕಾಕುವಿಗೆ ಕಣ್ಣು ಮಂಜಾಗಿತ್ತು, ದನಿ ಹಾಗೆಯೇ ಇತ್ತು.

‘ನನ್ನ ಹೆಸರ್ಯಾಕ?’

‘ನಿನ್ನಿಂದ ಆತಲ್ಲ ಕಾಕು ಇದು.’

‘ನನ್ನಿಂದ ಏನಾತು? ಗಿಡಾ ಒಣಗಿದ್ವು, ಅಷ್ಟ. ಹೆಸರು ಹಾಕಿದ್ರ ಓದಿದವ್ರು ಈಕಿ ಯಾರು ಅಂತ ಕೇಳ್ತಾರ. ಈಕೀಗೆ ಮನೀ ಮಕ್ಕಳ ನೀರು ಕೊಟ್ಟಿರಲಿಲ್ಲಂತ ಅಂತಾರ. ಬಾಳೂನ ಹೆಸರು ಪರದೇಶದಾಗ ಕೆಡ್ತೈತಿ. ತೆಗಿ ಅದನ್ನ.’

‘ಬಾಳೂನ ಹೆಸರು ಅದರಾಗಿಲ್ಲ ಕಾಕು.’

‘ನನ್ನ ಹೆಸರಿದ್ರ ಅವಂದೂ ಇದ್ದಂಗ. ಅಷ್ಟೂ ತಿಳೀದನ ಸಾಲಿ ಕಲತಿಯೇನು? ತೆಗಿ ಅಂದ್ನೆಲ್ಲ.’

ಸರ್ ನನ್ನ ಕಡೆ ನೋಡಿದರು. ನಾನು ಆ ಎರಡು ಸಾಲು ಹೊಡೆದು ಹಾಕಿದೆ. ಅದಕ್ಕೇ ಆ ಪ್ರಬಂಧದಲ್ಲಿ ಕೃತಜ್ಞತೆಯ ಜಾಗ ಖಾಲಿಯಿದೆ. ಉದಾಹರಣೆಯಲ್ಲಿ ಎರಡು ಕೆಲಸಗಳು ಬರುತ್ತವೆ, ಒಂದು ದೊಡ್ಡದು, ಒಂದು ಸಣ್ಣದು. ಅವುಗಳಿಗೆ ಒಂದೊಂದು ಇಂಗ್ಲಿಷ್ ಅಕ್ಷರವೇ ಹೆಸರು. ಸಣ್ಣದು ಕಾಯುತ್ತದೆ, ಆಮೇಲೆ ಅದರ ಪಾಳಿ ಬರುತ್ತದೆ.

ಕಾಕು ಹೋದರು. ಖೋತ ಸರ್ ಹೋದರು. ಇದನ್ನು ಬರೆಯುವ ಮೊದಲು ನಾನು ಅವರ ಊರಿಗೆ ಹೋಗಿ ಬಾಳಾಸಾಬರನ್ನು ಕಂಡೆ. ಅವರೂ ಈಗ ಕೋಲು ಹಿಡಿದು ನಡೆಯುತ್ತಾರೆ. ಕಾಕು ತೆಗೆಸಿದ ಹೆಸರಿನ ಸಂಗತಿ ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಹೇಳಿದೆ. ಬಾವಿಯ ಕಡೆ ಮುಖ ತಿರುಗಿಸಿದರು.

‘ನಾ ಇದನ್ನೆಲ್ಲ ಬರೀಬೇಕಂತ ಮಾಡೀನ್ರಿ. ಹೊಸಾ ಹುಡುಗರು ಓದ್ಲಿ ಅಂತ. ನಿಮ್ಮ ಒಪ್ಪಿಗಿ ಇದ್ರ’ ಎಂದೆ.

‘ಬರೀರಿ ಮಾಸ್ತರ’ ಎಂದರು. ‘ಕಾಕೂಗ ನೀರು ಕೊಟ್ಟಿರಲಿಲ್ಲಂತ ಬರೀರಿ. ನನ್ನ ಹೆಸರು ಹಾಕೇ ಬರೀರಿ.’ ಕೋಲಿನಿಂದ ನೆಲ ಕೆದರಿದರು. ‘ಆಮ್ಯಾಲ ಕೊಟ್ಟ್ವಿ ಅಂತನೂ ಬರೀರಿ.’